ಅಮೆರಿಕದ ಲ್ಯಾಟಿನೋ ದಿನಗೂಲಿಗಳು: ಮನಸ್ಸಿನ ಆರೋಗ್ಯ ಮತ್ತು ಕಾನೂನಿನ ಆಸರೆ

ಅಮೆರಿಕದ ನಗರಗಳಲ್ಲಿ ಬೆಳಗಾಗುತ್ತಲೇ ರಸ್ತೆ ಮೂಲೆಗಳಲ್ಲಿ, ಹೋಮ್ ಡಿಪೊದಂಥ ಕಟ್ಟಡ ಸಾಮಗ್ರಿ ಮಳಿಗೆಗಳ ಹೊರಗೆ ಕೂಲಿಗಾಗಿ ಕಾದು ನಿಲ್ಲುವವರಲ್ಲಿ ಹೆಚ್ಚಿನವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ ಗಂಡಸರು. 2006ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ, ಯಾವುದೇ ಒಂದು ದಿನ ಸುಮಾರು 1,17,600 ಮಂದಿ ಹೀಗೆ ದುಡಿಯುತ್ತಿದ್ದರು ಇಲ್ಲವೇ ಕೆಲಸ ಹುಡುಕುತ್ತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ವಲಸೆ ದಾಖಲೆ ಇರಲಿಲ್ಲ. ಸಮೀಕ್ಷೆಯ ಹಿಂದಿನ ಎರಡು ತಿಂಗಳಲ್ಲೇ ಸುಮಾರು ಅರ್ಧದಷ್ಟು ಜನ ಒಮ್ಮೆಯಾದರೂ ಕೂಲಿ ಸಿಗದೆ ಮೋಸ ಹೋಗಿದ್ದರು. ಐವರಲ್ಲಿ ಒಬ್ಬರು ಕೆಲಸದ ಸ್ಥಳದಲ್ಲಿ ಗಾಯಗೊಂಡಿದ್ದರು.

ಖಿನ್ನತೆ, ಆತಂಕ, ನಿದ್ರಾಹೀನತೆ, ಕುಡಿತದ ಚಟ ಇವರನ್ನು ಕಾಡುವ ಮುಖ್ಯ ತೊಂದರೆಗಳು. ನಾಳೆ ಕೆಲಸ ಸಿಕ್ಕೀತೆಂಬ ಖಾತರಿಯಿಲ್ಲ. ಊರಿಗೆ ಹಣ ಕಳಿಸಲೇಬೇಕು. ಹೆಂಡತಿ ಮಕ್ಕಳು ದೂರದಲ್ಲಿದ್ದಾರೆ. ಗಡೀಪಾರಿನ ಭಯ ಬೇರೆ. ಈ ಒಂಟಿತನವನ್ನು ಯಾವ ಕಾನೂನೂ ನೀಗಿಸಲಾರದು. ಆದರೆ ಕೂಲಿ ವಂಚನೆ, ಬೆದರಿಕೆ, ಪರಿಹಾರ ಸಿಗದ ಗಾಯ, ಕೈಗೆಟುಕದ ಚಿಕಿತ್ಸೆ ಇವಕ್ಕೆ ಕಾನೂನಿನಲ್ಲಿ ದಾರಿಗಳಿವೆ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ ಇಲ್ಲಿ ಕ್ಯಾಲಿಫೋರ್ನಿಯಾವನ್ನು ಮಾದರಿಯಾಗಿ ತೆಗೆದುಕೊಳ್ಳಲಾಗಿದೆ.

ದುಡಿದ ಕೂಲಿ ಪಡೆಯುವ ಹಕ್ಕು

1938ರ ಫೆಡರಲ್ ಕಾರ್ಮಿಕ ಮಾನದಂಡ ಕಾಯ್ದೆ ಕನಿಷ್ಠ ಕೂಲಿಯನ್ನೂ ಹೆಚ್ಚುವರಿ ದುಡಿಮೆಯ ವೇತನವನ್ನೂ ವಿಧಿಸುತ್ತದೆ. ವಲಸೆ ದಾಖಲೆ ಇಲ್ಲದವರಿಗೂ ಅದರ ರಕ್ಷಣೆ ಇದೆ ಎಂದು 1988ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು ತೀರ್ಪಿತ್ತಿತು. ಅಲಬಾಮದ ಹೋಟೆಲೊಂದರಲ್ಲಿ ದುಡಿದು ಬಾಕಿ ಕೂಲಿಗಾಗಿ ಆ ದಾವೆ ಹೂಡಿದ್ದವರು ಭಾರತೀಯರೊಬ್ಬರು ಎಂಬುದು ಗಮನಾರ್ಹ. ಫೆಡರಲ್ ಕನಿಷ್ಠ ಕೂಲಿ 2009ರಿಂದಲೂ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ; ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿಯಿಂದ ಅದು 16.90 ಡಾಲರ್.

ಕೂಲಿ ಸಿಗದಿದ್ದರೆ ರಾಜ್ಯದ ಲೇಬರ್ ಕಮಿಷನರ್ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ವಲಸೆ ಸ್ಥಿತಿಯನ್ನು ಕೇಳುವುದಿಲ್ಲ. ಸಾಮಾನ್ಯವಾಗಿ ಮೊದಲು ಎರಡೂ ಕಡೆಯವರನ್ನು ಕರೆಸಿ ರಾಜಿಗೆ ಪ್ರಯತ್ನಿಸುತ್ತಾರೆ; ಅದು ಫಲಿಸದಿದ್ದರೆ ವಿಚಾರಣೆ ನಡೆಸಿ ಆದೇಶ ಹೊರಡಿಸುತ್ತಾರೆ. ಕನಿಷ್ಠ ಕೂಲಿಯ ದೂರಿಗೆ ಮೂರು ವರ್ಷದ ಗಡುವಿದೆ. ಕೆಲಸ ಮುಗಿದ ಮೇಲೆ ಬೇಕೆಂದೇ ಕೂಲಿ ತಡೆಹಿಡಿದವರಿಗೆ ದಿನಕ್ಕೊಂದು ದಿನದ ಕೂಲಿಯಂತೆ ಗರಿಷ್ಠ 30 ದಿನಗಳವರೆಗೆ ದಂಡ ಬೀಳುತ್ತದೆ. ದುಡಿದ ದಿನ, ಗಂಟೆ, ಸ್ಥಳ, ಒಪ್ಪಿದ ಕೂಲಿ, ಮಾಲೀಕನ ಫೋನ್ ಮತ್ತು ವಾಹನದ ಸಂಖ್ಯೆಯನ್ನು ಅಂದಂದೇ ಬರೆದಿಟ್ಟುಕೊಂಡ ಪುಸ್ತಕವೇ ಇಲ್ಲಿ ದೊಡ್ಡ ಸಾಕ್ಷ್ಯ.

ಕೂಲಿ ಕೇಳಿದ್ದಕ್ಕೆ ವಲಸೆ ಅಧಿಕಾರಿಗಳಿಗೆ ಹಿಡಿದುಕೊಡುತ್ತೇನೆಂದು ಹೆದರಿಸುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ಅದರ ಮೇಲೆ ಪ್ರತ್ಯೇಕ ದೂರು ಕೊಡಬಹುದು.

ಗಾಯ ಮತ್ತು ಮಾನಸಿಕ ಆಘಾತ

ಕೆಲಸದಲ್ಲಿ ಆದ ಗಾಯವನ್ನು 30 ದಿನದೊಳಗೆ ಮಾಲೀಕರಿಗೆ ತಿಳಿಸಬೇಕು. ವಿಷಯ ತಿಳಿದ ಮಾಲೀಕರು ಒಂದು ಕೆಲಸದ ದಿನದೊಳಗೆ ಪರಿಹಾರದ ಅರ್ಜಿ ನಮೂನೆ ಕೊಡಬೇಕು. ಅರ್ಜಿ ತೀರ್ಮಾನವಾಗುವವರೆಗೆ 10,000 ಡಾಲರ್‌ವರೆಗಿನ ಚಿಕಿತ್ಸಾ ವೆಚ್ಚ ದೊರೆಯುತ್ತದೆ. ಇಲ್ಲಿಯೂ ವಲಸೆ ದಾಖಲೆಯ ಪ್ರಶ್ನೆ ಏಳುವುದಿಲ್ಲ. ಮನೆಗೆಲಸ, ಕೈತೋಟದ ಕೆಲಸಕ್ಕೆ ಮನೆಯವರೇ ಕರೆದಿದ್ದರೆ ಒಂದು ಷರತ್ತಿದೆ: ಗಾಯದ ಹಿಂದಿನ 90 ದಿನಗಳಲ್ಲಿ ಅವರಲ್ಲಿ ದುಡಿದದ್ದು 52 ಗಂಟೆಗಿಂತ ಕಡಿಮೆ ಅಥವಾ ಗಳಿಸಿದ್ದು 100 ಡಾಲರ್‌ಗಿಂತ ಕಡಿಮೆ ಆಗಿದ್ದರೆ ಈ ಪರಿಹಾರ ಸಿಗುವುದಿಲ್ಲ.

ಮಾನಸಿಕ ಹಾನಿಗೂ ಪರಿಹಾರವುಂಟು. ಆದರೆ ಸಾಮಾನ್ಯವಾಗಿ ಅದಕ್ಕೆ ಕೆಲಸವೇ ಅರ್ಧಕ್ಕಿಂತ ಹೆಚ್ಚು ಕಾರಣವೆಂದು ತೋರಿಸಬೇಕು. ಅದೇ ಮಾಲೀಕರಲ್ಲಿ ಒಟ್ಟು ಆರು ತಿಂಗಳು ದುಡಿದಿರಬೇಕು. ಹಠಾತ್ತನೆ ನಡೆದ ಅಸಾಧಾರಣ ಘಟನೆಯಿಂದ ಹಾನಿಯಾಗಿದ್ದರೆ ಮಾತ್ರ ಆರು ತಿಂಗಳ ಷರತ್ತಿಲ್ಲ. ದಿನಕ್ಕೊಬ್ಬ ಮಾಲೀಕನಲ್ಲಿ ದುಡಿಯುವವರಿಗೆ ಈ ಷರತ್ತು ನ್ಯಾಯದ ಬಾಗಿಲನ್ನೇ ಮುಚ್ಚುತ್ತದೆ. ಕಾನೂನು ತಿದ್ದಿಕೊಳ್ಳಬೇಕಾದ ಜಾಗ ಇದು.

ಚಿಕಿತ್ಸೆ ಪಡೆಯುವ ದಾರಿ

ಆತ್ಮಹತ್ಯೆಯ ಯೋಚನೆ ಬಂದಾಗ ಹಗಲು ರಾತ್ರಿಯೆನ್ನದೆ 988 ಸಹಾಯವಾಣಿಗೆ ಕರೆ ಮಾಡಬಹುದು. 2 ಒತ್ತಿದರೆ ಸ್ಪ್ಯಾನಿಷ್‌ನಲ್ಲಿ ಮಾತನಾಡುವವರು ಸಿಗುತ್ತಾರೆ. 1986ರ ಫೆಡರಲ್ ಕಾನೂನಿನಂತೆ ಮೆಡಿಕೇರ್ ಎಂಬ ಸರ್ಕಾರಿ ವಿಮೆಯೊಂದಿಗೆ ಒಪ್ಪಂದವಿರುವ ಆಸ್ಪತ್ರೆಗಳ ತುರ್ತು ವಿಭಾಗಗಳು ಹಣ, ದಾಖಲೆ ನೋಡದೆ ಪ್ರತಿಯೊಬ್ಬರನ್ನೂ ಪರೀಕ್ಷಿಸಿ, ಅಪಾಯವಿದ್ದರೆ ಸ್ಥಿರಗೊಳಿಸಬೇಕು. ಮಾನಸಿಕ ತುರ್ತುಸ್ಥಿತಿಯೂ ಇದರಲ್ಲಿ ಸೇರಿದೆ. ಅಂಥ ತುರ್ತುಸ್ಥಿತಿಯಲ್ಲಿ ರೋಗಿಯನ್ನು ಒಪ್ಪಿಗೆಯಿಲ್ಲದೆ 72 ಗಂಟೆಗಳವರೆಗೆ ಇರಿಸಿಕೊಳ್ಳಲು ಕ್ಯಾಲಿಫೋರ್ನಿಯಾ ಕಾನೂನು ಅವಕಾಶ ಕೊಡುತ್ತದೆ. ಅದನ್ನು ಮೀರಿದರೆ ಕಾರಣ ತಿಳಿಯುವ, ವಿಚಾರಣೆ ಪಡೆಯುವ, ನ್ಯಾಯಾಲಯದ ಮೊರೆ ಹೋಗುವ ಹಕ್ಕು ರೋಗಿಗಿದೆ.

ದೀರ್ಘ ಚಿಕಿತ್ಸೆಗೆ ಆದಾಯಕ್ಕೆ ತಕ್ಕ ಶುಲ್ಕ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳಿವೆ. ದಾಖಲೆ ಇಲ್ಲದ ವಯಸ್ಕರಿಗೆ ಮೆಡಿ-ಕ್ಯಾಲ್ ಎಂಬ ಸರ್ಕಾರಿ ಆರೋಗ್ಯ ವಿಮೆಯನ್ನು 2024ರಲ್ಲಿ ಪೂರ್ತಿಯಾಗಿ ತೆರೆದಿದ್ದ ಕ್ಯಾಲಿಫೋರ್ನಿಯಾ, 2026ರ ಜನವರಿಯಿಂದ ಅವರ ಹೊಸ ನೋಂದಣಿಯನ್ನು ನಿಲ್ಲಿಸಿದೆ. ಫೆಡರಲ್ ನೆರವು ಪಡೆಯುವ ಆಸ್ಪತ್ರೆಗಳು 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ಭಾಷಾ ನೆರವು ಕೊಡಬೇಕು. ದುಭಾಷಿಗಾಗಿ ರೋಗಿ ಹಣ ತೆರಬೇಕಿಲ್ಲ. ಆಪ್ತಸಮಾಲೋಚಕರೊಂದಿಗಿನ ಮಾತು ಗೋಪ್ಯವೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಿದೆ. ಆದರೆ 2025ರಲ್ಲಿ ಸರ್ಕಾರಿ ವಿಮೆಯ ಫಲಾನುಭವಿಗಳ ಮಾಹಿತಿ ವಲಸೆ ಇಲಾಖೆಯ ಕೈಸೇರಿ, ವಿವಾದ ನ್ಯಾಯಾಲಯಕ್ಕೆ ಹೋಗಿದೆ. ಹೀಗಾಗಿ ಸರ್ಕಾರಿ ಯೋಜನೆಗೆ ಅರ್ಜಿ ಹಾಕುವ ಮೊದಲು ಕಾನೂನು ನೆರವು ಕೇಂದ್ರದಲ್ಲಿ ವಿಚಾರಿಸುವುದು ಕ್ಷೇಮ.

ರಸ್ತೆಯಲ್ಲಿ ನಿಲ್ಲುವ ಹಕ್ಕು, ಬಂಧನದ ಭಯ

ರಸ್ತೆಬದಿಯಲ್ಲಿ ಕೆಲಸ ಕೇಳುವುದನ್ನು ನಿಷೇಧಿಸಿದ್ದ ರೆಡಾಂಡೊ ಬೀಚ್ ನಗರದ ನಿಯಮವನ್ನು 2011ರಲ್ಲಿ ಮೇಲ್ಮನವಿ ನ್ಯಾಯಾಲಯ ವಾಕ್ ಸ್ವಾತಂತ್ರ್ಯದ ಆಧಾರದಲ್ಲಿ ರದ್ದುಪಡಿಸಿತು. 2025ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ದಿನಗೂಲಿಗಳು ನಿಲ್ಲುವ ಜಾಗಗಳ ಮೇಲೆ ವಲಸೆ ಅಧಿಕಾರಿಗಳ ದಾಳಿಗಳು ನಡೆದವು. ಜನಾಂಗ, ಭಾಷೆ, ಸ್ಥಳ, ಕಸುಬು ಇಷ್ಟನ್ನೇ ನೋಡಿ ಜನರನ್ನು ತಡೆಯಬಾರದೆಂಬ ಕೆಳ ನ್ಯಾಯಾಲಯದ ಆದೇಶಕ್ಕೆ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೂ ಮೌನವಾಗಿರುವ, ಓದಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕದಿರುವ, ವಕೀಲರನ್ನು ಕೇಳುವ, ನ್ಯಾಯಾಧೀಶರ ಸಹಿಯ ವಾರಂಟ್ ಇಲ್ಲದೆ ಮನೆ ಬಾಗಿಲು ತೆರೆಯದಿರುವ ಹಕ್ಕುಗಳು ಉಳಿದಿವೆ. ಸುಳ್ಳು ಹೇಳುವುದು, ನಕಲಿ ದಾಖಲೆ ತೋರಿಸುವುದು ಮಾತ್ರ ಹೊಸ ಅಪರಾಧವಾದೀತು.

ಬಲವಂತದ ದುಡಿಮೆ, ಸುಲಿಗೆ, ಗಂಭೀರ ಹಲ್ಲೆಯಂಥ ಅಪರಾಧಗಳಿಗೆ ಬಲಿಯಾಗಿ, ತನಿಖೆಗೆ ನೆರವಾದವರು 2000ರ ಕಾನೂನು ರೂಪಿಸಿದ ಯು ವೀಸಾ ಕೋರಬಹುದು. ಗಣನೀಯ ದೈಹಿಕ ಅಥವಾ ಮಾನಸಿಕ ಹಿಂಸೆ ಅನುಭವಿಸಿರುವುದು ಅದರ ಅರ್ಹತೆಗಳಲ್ಲೊಂದು. ಹಾಗಾಗಿ ವೈದ್ಯರ, ಆಪ್ತಸಮಾಲೋಚಕರ ವರದಿಗಳು ಇಲ್ಲಿ ಸಾಕ್ಷ್ಯವಾಗುತ್ತವೆ. ವರ್ಷಕ್ಕೆ 10,000 ವೀಸಾಗಳ ಮಿತಿ ಇರುವುದರಿಂದ ಸರದಿ ಬಹಳ ಉದ್ದ.

ಹುಲ್ಲು ಕತ್ತರಿಸಲು, ಸಾಮಾನು ಸಾಗಿಸಲು ದಿನಗೂಲಿಗಳನ್ನು ಕರೆಯುವ ಮನೆಯವರೂ ಕಾನೂನಿನ ಕಣ್ಣಿನಲ್ಲಿ ಮಾಲೀಕರಾಗಬಹುದು. ಅಲ್ಲಿ ನೆಲೆಸಿರುವ ಕನ್ನಡಿಗರೂ ಇದಕ್ಕೆ ಹೊರತಲ್ಲ. ಕೂಲಿಯನ್ನು ಮೊದಲೇ ಮಾತಾಡಿ, ನೀರು, ನೆರಳು, ಬಿಡುವು ಕೊಟ್ಟು, ಕೆಲಸ ಮುಗಿದ ದಿನವೇ ಹಣವನ್ನು ಕೈಗಿಡುವುದು ಪ್ರತಿ ಮಾಲೀಕರ ಕರ್ತವ್ಯ.