ಮೂವರ ಗಾನ

 ಈ ಸ್ಮರಣ ಸಂಚಿಕೆಯಲ್ಲಿ ಸಂಗೀತಕ್ಕೆ ಸಂಬಂಧಪಟ್ಟ ಒಂದು ಚಿಕ್ಕ ಪಾಠವನ್ನು ನಿಮ್ಮ ಮುಂದೆ ಇಡಬೇಕೆಂದು ಅಪೇಕ್ಷಿಸಿದ್ದೇವೆ. ಪಾಠದ ವಿಷಯವು ‘ತ್ರಯ’, ಅಂದರೆ ಮೂರರ ಕೂಟ.

ನಮ್ಮ ದೇಶದ ಸಂಗೀತದಲ್ಲಿ ಮೂರೆಂಬದು ಹೆಜ್ಜೆಹೆಜ್ಜೆಗೂ ಎದುರಾಗುವದು. ಸ್ಥಾಯಿಗಳು ಮೂರು: ಮಂದ್ರ, ಮಧ್ಯ, ತಾರ. ಲಯಗಳು ಮೂರು: ವಿಲಂಬಿತ, ಮಧ್ಯ, ದ್ರುತ. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಗೀತ, ವಾದ್ಯ, ನೃತ್ಯ ಈ ಮೂರನ್ನೂ ಕೂಡಿಸಿಯೇ ಸಂಗೀತವೆಂಬ ಹೆಸರನ್ನು ಕೊಟ್ಟಿರುವನು. ನಮ್ಮ ಸೀಮೆಯ ಭಜನೆಯಲ್ಲಿ ತಬಲಾ ಬಾರಿಸುವವರು ಒಂದೇ ಬೋಲನ್ನು ಮೂರು ಸಾರಿ ನುಡಿಸಿ, ಮೂರನೆಯದರ ಕೊನೆಯ ಪೆಟ್ಟನ್ನು ಸರಿಯಾಗಿ ಸಮದ ಮೇಲೆ ತಂದು ನಿಲ್ಲಿಸುವದನ್ನು ನೀವು ಕೇಳಿರಬಹುದು. ಅದಕ್ಕೆ ತಿಹಾಯಿ ಎನ್ನುವರು. ಮೊದಲನೆಯ ಸಾರಿ ಕೇಳುಗನು ಬೆರಗಾಗುವನು, ಎರಡನೆಯ ಸಾರಿ ಗುರುತಿಸುವನು, ಮೂರನೆಯ ಸಾರಿ ಅವನ ತಲೆಯೇ ತೂಗುವದು. ಪಾಠ ಹೇಳುವವರಿಗೂ ಇದು ತಿಳಿದಿರತಕ್ಕ ಸಂಗತಿಯು.

ಇನ್ನು ‘ತ್ರಿಮೂರ್ತಿ’ಗಳೆಂಬ ಮಾತನ್ನು ವಿಚಾರಿಸೋಣ. ಶ್ಯಾಮಾಶಾಸ್ತ್ರಿಗಳು (೧೭೬೨–೧೮೨೭), ತ್ಯಾಗರಾಜರು (೧೭೬೭–೧೮೪೭), ಮುತ್ತುಸ್ವಾಮಿ ದೀಕ್ಷಿತರು ಇವರು ಕರ್ನಾಟಕ ಸಂಗೀತದ ತ್ರಿಮೂರ್ತಿಗಳು. ಮೂವರೂ ತಿರುವಾರೂರಿನಲ್ಲಿಯೇ ಹುಟ್ಟಿದವರು. ಆದರೂ ಪ್ರತಿಯೊಬ್ಬರ ಮಾರ್ಗವು ಬೇರೆ. ಹಾಗೆಯೇ ಪಂಪ, ಪೊನ್ನ, ರನ್ನರನ್ನು ರತ್ನತ್ರಯರೆನ್ನುತ್ತೇವೆ. ಪಂಪನು ವೇಮುಲವಾಡದ ಅರಿಕೇಸರಿಯ ಆಸ್ಥಾನದವನು, ಪೊನ್ನನು ರಾಷ್ಟ್ರಕೂಟರ ಆಸ್ಥಾನದವನು, ರನ್ನನು ಚಾಲುಕ್ಯರ ಆಸ್ಥಾನದವನು. ಇಂಥ ತ್ರಯಗಳನ್ನು ಕೂಡಿಸಿದ್ದು ಗೌರವದ ಎಣಿಕೆಯು. ಇವರಲ್ಲಿ ಒಬ್ಬರು ಮೌನವಾದರೆ ಇನ್ನೊಬ್ಬರ ಕೃತಿಯು ಕೆಡುವದಿಲ್ಲ.

ಪಾಶ್ಚಾತ್ಯರ ‘ಟ್ರಿಯೋ’ ಎಂಬದು ಹೀಗಲ್ಲ. ಪಿಯಾನೋ, ವಯೊಲಿನ್, ಚೆಲ್ಲೋ ಎಂಬ ಮೂರು ವಾದ್ಯಗಳು ಒಂದೇ ಹೊತ್ತಿನಲ್ಲಿ ಬೇರೆಬೇರೆ ಸ್ವರಗಳನ್ನು ನುಡಿಸಿ ಒಂದೇ ಕೃತಿಯನ್ನು ಕಟ್ಟುವವು. ೧೭೯೫ರಲ್ಲಿ ಬೀಥೋವನ್ ತನ್ನ ಮೊದಲನೆಯ ಕೃತಿಸಂಖ್ಯೆಯನ್ನು ಕೊಟ್ಟು ಪ್ರಕಟಿಸಿದ್ದು ಇಂಥ ಮೂರು ಟ್ರಿಯೋಗಳನ್ನೇ. ಇಲ್ಲಿ ಒಬ್ಬರು ಕೈಬಿಟ್ಟರೆ ಉಳಿದವರ ನುಡಿಯ ಅರ್ಥವೇ ಬೇರೆಯಾಗುವದು.

ಮೂರು ಸ್ವರಗಳಿಂದ ಇದನ್ನು ಪರೀಕ್ಷಿಸಿ ನೋಡಿರಿ. ಹಾರ್ಮೋನಿಯಮ್ಮಿನ ಮೇಲೆ ಸ, ಗ, ಪ ಇವುಗಳನ್ನು ಒಟ್ಟಿಗೆ ಒತ್ತಿರಿ. ಗಾಂಧಾರವು ಶುದ್ಧವಾಗಿದ್ದರೆ ಹರ್ಷದ ಧ್ವನಿಯು ಕೇಳಿಸುವದು, ಕೋಮಲವಾಗಿದ್ದರೆ ಶೋಕದ ಛಾಯೆಯು ತೋರುವದು. ಈಗ ಗಾಂಧಾರವನ್ನು ಬಿಟ್ಟುಬಿಡಿರಿ. ಸ, ಪ ಎರಡೂ ಗಟ್ಟಿಯಾಗಿಯೇ ಕೇಳುವವು, ಆದರೆ ಅದು ಹರ್ಷವೋ ಶೋಕವೋ ಎಂದು ಹೇಳಲಾಗದು. ನಿರ್ಣಯವು ನಡುವಿನ ಸ್ವರದ ಕೈಯಲ್ಲಿ ಇರುವದು.

ಈ ಪಾಠವನ್ನು ನಾವು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ಕೆಲವು ವರುಷಗಳ ಹಿಂದೆ ವಾರ್ಷಿಕೋತ್ಸವಕ್ಕಾಗಿ ಒಂಬತ್ತನೆಯ ಇಯತ್ತೆಯ ಮೂವರು ಹುಡುಗಿಯರಿಗೆ ಮೂರು ದನಿಗಳ ಗೀತವೊಂದನ್ನು ಕಲಿಸಿದೆವು. ಮೇಲಿನ ದನಿಯಲ್ಲಿ ಚೆಲುವಿತ್ತು, ಕೆಳಗಿನದರಲ್ಲಿ ಗಾಂಭೀರ್ಯವಿತ್ತು. ನಡುವಿನದನ್ನು ಹಾಡಲು ಯಾರಿಗೂ ಮನಸ್ಸಿರಲಿಲ್ಲ. ಖಟಕ ಚಿಂಚೋಳಿಯಿಂದ ಬಂದು ವಸತಿಗೃಹದಲ್ಲಿದ್ದ ಒಬ್ಬ ಹುಡುಗಿಯು ಮಾತಿಲ್ಲದೆ ಅದನ್ನು ಒಪ್ಪಿಕೊಂಡಳು. ದೀಪಾವಳಿಯ ರಜೆಗೆ ಊರಿಗೆ ಹೋದವಳು ಮರಳಿ ಬರಲಿಲ್ಲ. ಚಿಕ್ಕ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲವೆಂದು ಹೇಳಿಕಳುಹಿಸಿದ್ದರು. ಉತ್ಸವದ ಸಡಗರದಲ್ಲಿ ನಾವು ಮಿಕ್ಕ ಇಬ್ಬರಿಂದಲೇ ಗೀತವನ್ನು ಹಾಡಿಸಿದೆವು. ಜನರು ಚಪ್ಪಾಳೆ ತಟ್ಟಿದರು.

ಉತ್ಸವವು ಮುಗಿದ ಮೇಲೆ ಅವಳ ಮನೆಗೆ ಹೋದೆವು. ತಂದೆಯವರು ನಮ್ಮನ್ನು ಆದರದಿಂದ ಕುಳ್ಳಿರಿಸಿ, ಹಾಡು ಹೇಗಾಯಿತೆಂದು ಕೇಳಿದರು. ಇಬ್ಬರೇ ಹಾಡಿದರೆಂದು ತಿಳಿಸಿದೆವು.

“ಹಾಗಾದರೆ ಇಬ್ಬರಿಂದಲೂ ಹಾಡು ಆಯಿತಲ್ಲ, ಬಾಯಿಯವರೇ,” ಎಂದರು.

ಅವರ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಆದರೆ ನಮ್ಮಲ್ಲಿ ಉತ್ತರವೂ ಇರಲಿಲ್ಲ. ಅವಳಿಲ್ಲದೆ ನಡೆಯುವದೆಂದು ಊರಿಗೆಲ್ಲ ತೋರಿಸಿಕೊಟ್ಟವರು ನಾವೇ. ಹುಡುಗಿಯು ಬಾಗಿಲ ಮರೆಯಲ್ಲಿ ಕೂಸನ್ನೆತ್ತಿಕೊಂಡು ನಿಂತು ಕೇಳುತ್ತಿದ್ದಳು. ಅವಳು ಶಾಲೆಗೆ ಮತ್ತೆ ಬರಲಿಲ್ಲ.

ಅಂದಿನಿಂದ ನಮ್ಮಲ್ಲಿ ಒಂದು ನಿಯಮವುಂಟು. ರಜೆಯು ಮುಗಿದ ಮೂರನೆಯ ದಿನದೊಳಗೆ ಬಾರದ ಹುಡುಗಿಯ ಮನೆಗೆ ಶಿಕ್ಷಕಿಯೊಬ್ಬರು ಹೋಗತಕ್ಕದ್ದು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ೬ರಿಂದ ೧೪ ವರುಷದ ಮಕ್ಕಳಿಗೆ ಸಂಬಂಧಿಸಿದ್ದು. ಹೈಸ್ಕೂಲಿನ ಹುಡುಗಿಯು ಬೇಗನೆ ಆ ವಯಸ್ಸನ್ನು ದಾಟುವಳು. ಆಮೇಲೆ ಅವಳನ್ನು ಶಾಲೆಯಲ್ಲಿ ಉಳಿಸುವದು ಮನೆಯವರ ಮತ್ತು ನಮ್ಮ ಮನಸ್ಸು ಮಾತ್ರವೇ.

ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರನ್ನು ಒಟ್ಟಿಗೆ ಎಣಿಸಿದ್ದಾನೆ. ವಿದ್ಯೆಗೂ ಒಂದು ತ್ರಯವುಂಟು: ಮನೆ, ಶಾಲೆ, ಮಗು. ಮನೆಯೂ ಶಾಲೆಯೂ ಗಟ್ಟಿಯಾಗಿ ಮಾತಾಡಬಲ್ಲವು. ನಡುವಿನ ದನಿಯು ಮಗುವಿನದು, ಅದು ಮೆಲ್ಲಗೆ ಕೇಳಿಸುವದು. ಪೋಷಕರೇ, ನಿಮ್ಮ ಮನೆಯಲ್ಲಿ ಕಷ್ಟವೊದಗಿದಾಗ ಹುಡುಗಿಯನ್ನು ಬಿಡಿಸುವದಕ್ಕೆ ಮುಂಚೆ ನಮಗೆ ಒಂದು ಮಾತು ತಿಳಿಸಿರಿ. ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ಓಣಿಯಲ್ಲಿ ಅಂಥ ಹುಡುಗಿಯಿದ್ದರೆ ನೀವೇ ಅವಳ ಮನೆಯ ಬಾಗಿಲನ್ನು ತಟ್ಟಿರಿ. ನಾವು ಆ ಗೀತವನ್ನು ಇಬ್ಬರಿಂದ ಇನ್ನೆಂದೂ ಹಾಡಿಸಿಲ್ಲ.