ಹುಟ್ಟುವ ಕೂಸಿನ ತೂಕ

ಮನೆಯಲ್ಲಿ ಹೆರಿಗೆಯಾಯಿತೆಂದೊಡನೆ ಗಂಡೋ ಹೆಣ್ಣೋ ಎಂದು ವಿಚಾರಿಸುವುದು ನಮ್ಮಲ್ಲಿ ರೂಢಿ. ಕೂಸಿನ ತೂಕವೆಷ್ಟು ಎಂಬುದು ಅದಕ್ಕಿಂತಲೂ ಮುಖ್ಯವಾದ ಪ್ರಶ್ನೆ. ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಗುವ ಕೂಸು ಬೇಗನೆ ತಣ್ಣಗಾಗುತ್ತದೆ. ಹಾಲು ಚೀಪಲು ಅದಕ್ಕೆ ಶಕ್ತಿ ಸಾಲದು. ಸೋಂಕಿಗೆ ಸುಲಭವಾಗಿ ತುತ್ತಾಗುತ್ತದೆ.

ತೂಕ ಕಡಿಮೆಯಾಗುವುದು ಎರಡು ಬಗೆಯಿಂದ. ಮೂವತ್ತೇಳು ವಾರ ತುಂಬುವ ಮೊದಲೇ ಹೆರಿಗೆಯಾಗುವುದು ಒಂದು. ದಿನ ತುಂಬಿದ್ದರೂ ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗುವುದು ಇನ್ನೊಂದು. ತಾಯಿಯ ಎತ್ತರ, ಚೊಚ್ಚಲು ಬಸಿರು, ಅವಳಿ ಮಕ್ಕಳು ಮುಂತಾದ ಕಾರಣಗಳು ಆಗ ನಮ್ಮ ಕೈಯಲ್ಲಿರುವುದಿಲ್ಲ. ಉಳಿದವುಗಳಲ್ಲಿ ಹಲವನ್ನು ತಡೆಯಬಹುದು.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಅಡಿಕೆಯ ಸೀಮೆ. ತೋಟದ ತೇವದ ಮಣ್ಣು ಮಲದಿಂದ ಕೆಟ್ಟಿದ್ದರೆ ಕೊಕ್ಕೆಹುಳದ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆದು ದೇಹವನ್ನು ಸೇರುತ್ತವೆ. ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ತಾಯಿಗೆ ರಕ್ತಹೀನತೆಯುಂಟಾದರೆ ಕೂಸಿಗೆ ದೊರೆಯುವ ಪೋಷಣೆ ಕುಗ್ಗುತ್ತದೆ. ಬಸುರಿಯು ಕವಳ ಹಾಕುವುದೂ ನಿರಪಾಯವಲ್ಲ. ಹೊಗೆಸೊಪ್ಪು ಬೆರೆತರೆ ಹಾನಿ ನಿಶ್ಚಿತ. ಬರಿಯ ಅಡಿಕೆಗೂ ಕಡಿಮೆ ತೂಕಕ್ಕೂ ಸಂಬಂಧವಿರುವುದನ್ನು ಹೊರದೇಶಗಳ ಅಧ್ಯಯನಗಳು ಕಂಡಿವೆ. ಮಳೆಗಾಲದಲ್ಲಿ ಹಸಿಸೌದೆಯ ಹೊಗೆಯೂ ಇದಕ್ಕೆ ಸೇರುತ್ತದೆ. ಇವೆಲ್ಲಕ್ಕಿಂತ ಶೋಚನೀಯವಾದುದು, ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುವುದೆಂದು ಗರ್ಭಿಣಿಯ ಊಟವನ್ನು ಮಿತಗೊಳಿಸುವ ಹಳೆಯ ನಂಬಿಕೆ.

ಈ ಕೊರತೆ ಶೈಶವದೊಡನೆ ಮುಗಿಯುವುದಿಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯೊಂದರಲ್ಲಿ 1934ರಿಂದ 1954ರವರೆಗೆ ಜನಿಸಿದ 517 ಮಂದಿಯನ್ನು ಅವರ ನಡುವಯಸ್ಸಿನಲ್ಲಿ ಪರೀಕ್ಷಿಸಿದ ಫಲಿತಾಂಶವು 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ಆಸ್ಪತ್ರೆಯವರು ಜತನದಿಂದ ಕಾಯ್ದಿಟ್ಟ ಹೆರಿಗೆಯ ದಾಖಲೆಗಳಿಂದಲೇ ಇದು ತಿಳಿದುಬಂದಿತು.

ಆದುದರಿಂದ ಬಸಿರು ತಿಳಿದೊಡನೆ ಹೆಸರು ನೋಂದಾಯಿಸಿ, ಕಾಲಕಾಲಕ್ಕೆ ತೂಕ ಹಾಗೂ ರಕ್ತದ ಪರೀಕ್ಷೆ ಮಾಡಿಸಬೇಕು. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಕಾಫಿ, ಚಹಾಗಳೊಡನೆ ಸೇವಿಸಿದರೆ ಅವು ಮೈಗೆ ಹತ್ತುವುದಿಲ್ಲ. ಜಂತುಹುಳದ ಔಷಧವನ್ನು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕು. ಬೇಳೆಕಾಳು, ಸೊಪ್ಪು, ಹಾಲುಗಳು ದಿನವೂ ಊಟದಲ್ಲಿರಬೇಕು. ತೋಟಕ್ಕಿಳಿಯುವಾಗ ಕಾಲಿಗೆ ಪಾದರಕ್ಷೆಯಿರಬೇಕು.

ಕೂಸಿನ ತೂಕಕ್ಕೆ ತಳಹದಿ ಬೀಳುವುದು ತಾಯಿಯ ಬಾಲ್ಯದಲ್ಲಿಯೇ. ಇಂದು ನಮ್ಮ ತರಗತಿಯಲ್ಲಿ ಕುಳಿತಿರುವ ಹುಡುಗಿ ಹೊಟ್ಟೆತುಂಬ ಉಂಡು, ಮೈತುಂಬಿ ಬೆಳೆದು, ವಿದ್ಯೆಯನ್ನು ಪೂರೈಸಿ ತಕ್ಕ ವಯಸ್ಸಿನಲ್ಲಿ ಗೃಹಿಣಿಯಾಗುವಂತೆ ನೋಡಿಕೊಳ್ಳುವುದು ಉಪಾಧ್ಯಾಯರ ಹಾಗೂ ಪೋಷಕರ ಹೊಣೆಯಾಗಿದೆ.