ಸೋರುವ ಗಾಳಿ

ಮನೆಯ ನಲ್ಲಿಯಲ್ಲಿ ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಯಾರಾದರೊಬ್ಬರು ಗದರಿಸುತ್ತಾರೆ. ಗಾಳಿ ಸೋರಿದರೆ ಗುರುತೇ ಉಳಿಯುವುದಿಲ್ಲ. ಕಾರ್ಖಾನೆಗಳಲ್ಲಿ ವಿದ್ಯುಚ್ಛಕ್ತಿ ಪೋಲಾಗುವ ದಾರಿಗಳಲ್ಲಿ ಇದೂ ಒಂದೆಂಬುದನ್ನು ನಾನು ತಿಳಿದದ್ದು ನಿವೃತ್ತನಾದ ಮೇಲೆ, ಇಂಜಿನಿಯರಾಗಿದ್ದ ನನ್ನ ಹಳೆಯ ಶಿಷ್ಯನೊಬ್ಬನಿಂದ.

ಒಂದು ಭಾನುವಾರ ಆತನು ತನ್ನ ಕಾರ್ಖಾನೆಗೆ ನನ್ನನ್ನು ಕರೆದೊಯ್ದನು. ಯಂತ್ರಗಳೆಲ್ಲ ನಿಂತಿದ್ದವು. "ಮೇಷ್ಟ್ರೇ, ಸ್ವಲ್ಪ ಕಿವಿಗೊಟ್ಟು ಕೇಳಿ" ಎಂದನು. ಮೂಲೆ ಮೂಲೆಗಳಿಂದ ಹಾವು ಬುಸುಗುಟ್ಟಿದಂತಹ ಸದ್ದು! ಅಲ್ಲಿನ ಉಪಕರಣಗಳನ್ನು ನಡೆಸಲು ಕಂಪ್ರೆಸರಿನಲ್ಲಿ ಗಾಳಿಯನ್ನು ಅದುಮಿ ಕೊಳವೆಗಳಲ್ಲಿ ಹರಿಸುತ್ತಾರೆ. ಅದುಮುವಾಗ ವಿದ್ಯುತ್ತಿನ ಬಹುಭಾಗವು ಶಾಖವಾಗಿ ಹೋಗುವುದರಿಂದ ಈ ಗಾಳಿ ಬಲು ದುಬಾರಿ. ವಾತಾವರಣದ ಏಳರಷ್ಟು ಒತ್ತಡವಿರುವ ಕೊಳವೆಯಲ್ಲಿ 3 ಮಿಲಿಮೀಟರ್ ಅಗಲದ ಒಂದೇ ರಂಧ್ರವಿದ್ದರೂ, ಆ ನಷ್ಟವನ್ನು ತುಂಬಲು ಮೂರು ನಾಲ್ಕು ಕಿಲೋವಾಟ್ ಬೇಕು. ಹಗಲಿರುಳು ಸೋರಿದರೆ ದಿನಕ್ಕೆ 70 ಯೂನಿಟ್‌ಗೂ ಮೇಲೆ.

ಆ ದಿನ ಕಂಪ್ರೆಸರು ಪ್ರತಿ ಹತ್ತು ನಿಮಿಷಗಳಲ್ಲಿ ಮೂರು ನಿಮಿಷ ಗಾಳಿ ತುಂಬುತ್ತಿತ್ತು. ಯಾರೂ ಗಾಳಿ ಬಳಸದ ಹೊತ್ತಿನಲ್ಲಿ ಹೀಗೆ ತುಂಬಿದುದೆಲ್ಲವೂ ಸೋರಿಕೆಯೇ. ಅದರ ಸಾಮರ್ಥ್ಯದ ನೂರಕ್ಕೆ ಮೂವತ್ತು ಪಾಲು. ಕೈಗಡಿಯಾರವೊಂದಿದ್ದರೆ ನೀವೂ ಈ ಪರೀಕ್ಷೆಯನ್ನು ಮಾಡಬಲ್ಲಿರಿ.

ಇದು ಅಲ್ಲಿ ತಿಳಿಯದ ಸಂಗತಿಯೇನಲ್ಲ. ಎರಡು ವರ್ಷಗಳ ಹಿಂದೆಯೇ ತಜ್ಞರು ಬರೆದುಕೊಟ್ಟ ವರದಿ ಬೀರುವಿನಲ್ಲಿ ಭದ್ರವಾಗಿತ್ತು. ನಮ್ಮ ದೇಶದಲ್ಲಿ 2001ರಲ್ಲಿ ಶಕ್ತಿ ಸಂರಕ್ಷಣೆಯ ಕಾಯಿದೆಯಾಯಿತು. 2012ರಲ್ಲಿ ಉಕ್ಕು, ಸಿಮೆಂಟು ಮೊದಲಾದ ದೊಡ್ಡ ಕಾರ್ಖಾನೆಗಳಿಗೆ ಉಳಿತಾಯದ ಗುರಿಯನ್ನು ಗೊತ್ತುಪಡಿಸುವ ಪದ್ಧತಿಯೂ ಬಂದಿತು. ಆದರೆ ಕಾಯಿದೆಯು ಬಂದು ವಾಷರನ್ನು ಬದಲಾಯಿಸದಷ್ಟೆ! ವಿದ್ಯುತ್ತಿನ ಬಿಲ್ಲು ಹೋಗುವುದು ಲೆಕ್ಕಪತ್ರದ ವಿಭಾಗಕ್ಕೆ, ಸೋರಿಕೆಯಿರುವುದು ಉತ್ಪಾದನೆಯ ವಿಭಾಗದಲ್ಲಿ, ಸಾಮಾನು ತರಿಸಬೇಕಾದವರು ಇನ್ನಾರೋ. ಯಂತ್ರ ನಿಲ್ಲಿಸಿದರೆ ಆ ದಿನದ ಕೆಲಸ ಕುಂದೀತೆಂಬುದು ಮೇಲ್ವಿಚಾರಕನ ಅಂಜಿಕೆ.

ನನ್ನ ಶಿಷ್ಯನು ಹೊಸ ಯಂತ್ರವನ್ನು ಬೇಡಲಿಲ್ಲ. ವಯಸ್ಸಾದ ಫಿಟ್ಟರೊಬ್ಬರನ್ನು ಕರೆದು ಕೇಳಿದನು. "ಎಲ್ಲೆಲ್ಲಿ ಸೋರುತ್ತೆ ಅಂತ ನನಗೆ ಗೊತ್ತು ಸಾರ್, ಯಾರೂ ಕೇಳಲಿಲ್ಲ" ಎಂದರಂತೆ ಅವರು. ಇಬ್ಬರೂ ಕೊಳವೆಯ ಕೀಲುಗಳಿಗೆ ಸಾಬೂನಿನ ನೀರು ಹಚ್ಚಿ, ಗುಳ್ಳೆಯೆದ್ದಲ್ಲೆಲ್ಲ ಕೆಂಪು ಚೀಟಿ ಕಟ್ಟಿದರು. ನಾಲ್ಕು ಭಾನುವಾರಗಳ ದುರಸ್ತಿಯಿಂದ ಮೂರು ನಿಮಿಷವು ಒಂದಕ್ಕೆ ಇಳಿಯಿತು. ಎಲ್ಲರೂ ಸಂತೋಷಪಟ್ಟು ಮರೆತರು. ಆರು ತಿಂಗಳಲ್ಲಿ ಅದು ಮತ್ತೆ ಎರಡಕ್ಕೇರಿತು. ಯಂತ್ರಗಳ ಅದುರಿಗೆ ಕೀಲುಗಳು ಸಡಿಲವಾಗುತ್ತವೆ, ರಬ್ಬರು ಸವೆಯುತ್ತದೆ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಅಲ್ಲಿ ಪರೀಕ್ಷೆ ನಡೆಯುತ್ತದೆ. ಕಂಪ್ರೆಸರಿನ ಪಕ್ಕದ ಕಪ್ಪು ಹಲಗೆಯ ಮೇಲೆ ನಿಮಿಷಗಳ ಲೆಕ್ಕವನ್ನು ಸೀಮೆಸುಣ್ಣದಿಂದ ಬರೆಯುವವರು ಆ ಫಿಟ್ಟರೇ.